ಹೂಳು ಎಂದು ಬರೆದಿತ್ತು

ಅಮ್ಮಾಜಮ್ಮನನ್ನು ನಾನು ಮೊದಲು ನೋಡಿದ್ದು ಬೇತಮಂಗಲದ ಬಸ್ ಸ್ಟ್ಯಾಂಡಿನಲ್ಲಿ, ಒಂದು ಮಂಗಳವಾರ. ನಾನು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಮೊಸರು ಒಯ್ಯುತ್ತಿದ್ದ ಕಾಲ ಅದು. ನನ್ನ ಕೈಯಲ್ಲಿ ಮೊಸರಿನ ಕ್ಯಾನು, ಅವಳ ಮಡಿಲಲ್ಲಿ ಒಂದು ಆಡಿನ ಮರಿ. ಮರಿಯ ಮುಂಗಾಲಿಗೆ ಮುಳ್ಳು ಚುಚ್ಚಿ ಬಾತಿತ್ತು. ದನದ ಆಸ್ಪತ್ರೆಗೆ ಹೊರಟಿದ್ದಳು. ಕೂಸನ್ನು ಸುತ್ತಿಕೊಂಡ ಹಾಗೆ ಸೆರಗಿನಲ್ಲಿ ಸುತ್ತಿದ್ದಳು, ಮೂತಿ ಮಾತ್ರ ಹೊರಗೆ.

"ಅಕ್ಕಾ, ಈ ಬಸ್ಸು ಎಲ್ಲಿಗ್ ಓಗ್ತದೆ? ವಸಿ ಓದಿ ಏಳು," ಎಂದಳು.

ನಾನು ಓದಿದ್ದು ಮೂರನೇ ಕ್ಲಾಸು. ದೊಡ್ಡ ಅಕ್ಷರವಾದರೆ ಒಂದೊಂದನ್ನೇ ಕೂಡಿಸಿ ಓದುತ್ತೇನೆ. ಬೋರ್ಡು ನೋಡಿ, ರಾಬರ್ಟ್‌ಸನ್‌ಪೇಟೆಗೇ, ಹತ್ತು ಎಂದೆ. ಪಕ್ಕದಲ್ಲೇ ಕೂತಳು. ಕಂಡಕ್ಟರು ಬಂದ.

"ಏನಮ್ಮೋ, ಆಡಿಗೂ ಟಿಕೆಟ್ ತಗಂಡಿದ್ದೀಯಾ?"

"ಆಡಲ್ಲ ಕಣಪ್ಪ, ನನ್ ಮೊಮ್ಮಗ."

"ಮೊಮ್ಮಗನಿಗೆ ಕೊಂಬು ಬತ್ತಾ ಅವೆ?"

"ಅವರಪ್ಪನ ಕಡೆಯೋರಿಗೆಲ್ಲಾ ಅಂಗೇಯ."

ಬಸ್ಸಿನವರೆಲ್ಲಾ ನಕ್ಕರು. ಕಂಡಕ್ಟರೂ ನಕ್ಕು ಮುಂದೆ ಹೋದ. ಅವಳು ನಗಲಿಲ್ಲ. ನನ್ನ ಕಡೆ ತಿರುಗಿ, "ನೀನು ಓದಿರೋಳು ಕಣಕ್ಕ. ನಂಗೆ ಅಕ್ಸರ ಅಂದ್ರೆ ಆಡಿನ ಇಕ್ಕೆ ಚೆಲ್ಲಿದಂಗೆ ಕಾಣ್ತವೆ," ಎಂದಳು. ಅವತ್ತಿನಿಂದ ಅವಳಿಗೆ ನಾನು ಓದಿರೋ ಅಕ್ಕ. ನನ್ನ ಹೆಸರು ವೆಂಕಟರತ್ನಮ್ಮ ಎಂದು ಅವಳು ಕೇಳಿ ತಿಳಿದುಕೊಂಡಿದ್ದು ಆಮೇಲೆ ಎಷ್ಟೋ ದಿನಕ್ಕೆ.

ಅವಳ ಮನೆ ಕೆರೆಯ ಏರಿಯ ಆಚೆ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಗಂಡ ಗಣಿಯಲ್ಲಿ ಕೂಲಿಗಿದ್ದವನು. ಗಣಿ ಮುಚ್ಚಿದ ವರ್ಷವೇ ತೀರಿಹೋಗಿದ್ದ. ಜಮೀನಿರಲಿಲ್ಲ. ಇಪ್ಪತ್ತಮೂರು ಆಡುಗಳಿದ್ದವು, ಒಬ್ಬಳು ಮಗಳಿದ್ದಳು. ಮಗಳು ಶ್ಯಾಮಲ ಎಸ್ಸೆಸ್ಸೆಲ್ಸಿ ಪಾಸಾಗಿ ಬಂಗಾರಪೇಟೆಯಲ್ಲಿ ಒಂದು ಟೈಲರ್ ಅಂಗಡಿಗೆ ಹೋಗಿಬರುತ್ತಿದ್ದಳು. ಅಮ್ಮಾಜಮ್ಮ ಆಡುಗಳನ್ನು ಕೆರೆಯೊಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದಳು. ಇಡೀ ಕೆ.ಜಿ.ಎಫ್‌ಗೆ ನೀರು ಕುಡಿಸಿದ ಕೆರೆ ಅದು, ಆದರೆ ನಾನು ಹೇಳುವ ಕಾಲಕ್ಕೆ ಒಣಗಿ ಎಷ್ಟೋ ವರ್ಷವಾಗಿತ್ತು. ಕೆರೆಯ ಅಂಗಳದಲ್ಲಿ ಸೀಮೆಜಾಲಿ ಬೆಳೆದು ಕಾಡಾಗಿತ್ತು. ನಡುವೆ ಒಂದು ಕಲ್ಲುಗುಡ್ಡ. ಅದನ್ನು ನರಿಗುಡ್ಡ ಎನ್ನುತ್ತೇವೆ. ಮಧ್ಯಾಹ್ನ ಅದರ ನೆರಳಲ್ಲಿ ಕೂತು ಅವಳು ಮುದ್ದೆ ತಿನ್ನುತ್ತಿದ್ದಳು.

ಶ್ಯಾಮಲ ಸತ್ತಿದ್ದು ಒಂದು ಭಾನುವಾರ. ಪಕ್ಕದವರ ತೋಟದ ಬಾವಿಯಲ್ಲಿ ಕಂಬಳಿ ಒಗೆಯುತ್ತಾ ಮೆಟ್ಟಿಲು ಜಾರಿದಳು. ಹತ್ತೊಂಬತ್ತು ವರ್ಷ. ಮೇಲೆತ್ತಿದಾಗ ಬಲಗೈಯಲ್ಲಿ ಸೋಪಿನ ಚೂರು ಹಾಗೇ ಹಿಡಿದಿದ್ದಳು. ಬೆರಳು ಬಿಡಿಸಿ ಅದನ್ನು ತೆಗೆದವಳು ನಾನು.

ಅಮ್ಮಾಜಮ್ಮನ ಗಂಡನ ಮನೆಯವರಲ್ಲಿ ಒಂದು ಕಟ್ಟಳೆಯಿತ್ತು. ನೀರಿನಲ್ಲಿ ಹೋದವರಿಗೆ ಮತ್ತೆ ನೀರು ಮುಟ್ಟಿಸಬಾರದು. ಮಣ್ಣು ಮಾಡಿದ ಮೇಲೆ ಹಾಲುತುಪ್ಪ ಹುಯ್ಯುವ ಹಾಗಿಲ್ಲ, ವರ್ಷವರ್ಷ ಎಡೆ ಇಟ್ಟರೂ ಒಣ ಎಡೆಯೇ. ಪುರಿ, ಹುರಿಗಡಲೆ, ಕೊಬ್ಬರಿ ಚೂರು. ನೀರು ತಗುಲಿದರೆ ಸತ್ತವರಿಗೆ ಮತ್ತೆ ಉಸಿರು ಕಟ್ಟುತ್ತದೆ, ಮತ್ತೆ ಮತ್ತೆ ಮುಳುಗುತ್ತಲೇ ಇರುತ್ತಾರೆ ಎಂದು ಅವಳ ಅತ್ತೆ ಅವಳಿಗೆ ಹೇಳಿದ್ದಳಂತೆ. ಊರಿನ ಮಸಣ ಕಾಲುವೆಯ ಪಕ್ಕದಲ್ಲಿದೆ, ಒಂದು ಮಳೆ ಬಂದರೆ ಕೆಸರು. ಅವಳು ಯೋಚಿಸಿದಳು. ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲಕ್ಕಿಂತ ಒಣಗಿದ ಜಾಗ ಎಂದರೆ ಕೆರೆಯೇ. ಅಂಗಳದ ಅಂಚಿನಲ್ಲಿ, ಸ್ವಲ್ಪ ಎತ್ತರದಲ್ಲಿ, ಒಂದು ಹುಣಸೆಮರದ ಕೆಳಗೆ ಮಗಳನ್ನು ಇಟ್ಟಳು. ದಿನಾ ಆಡುಗಳನ್ನು ಆ ದಾರಿಯಲ್ಲೇ ಹೊಡೆದುಕೊಂಡು ಹೋಗುತ್ತಿದ್ದಳು. ಹೀಗೆ ಐದು ವರ್ಷ.

ಐದು ವರ್ಷದ ಮೇಲೆ ಕೆರೆಯ ಅಂಗಳದಲ್ಲಿ ಒಂದು ನೀಲಿ ಬೋರ್ಡು ನೆಟ್ಟರು. ಹುಣಸೆಮರದಿಂದ ಮೂವತ್ತು ಹೆಜ್ಜೆ ದೂರಕ್ಕೆ. ಅಮ್ಮಾಜಮ್ಮ ಬಂದು ನನ್ನನ್ನು ಕರೆದುಕೊಂಡು ಹೋದಳು.

ಮೇಲಿನ ಸಾಲು ದೊಡ್ಡದಾಗಿತ್ತು. ಅದರ ಕೆಳಗೆಲ್ಲಾ ಸಣ್ಣ ಅಕ್ಷರ, ನನಗೆ ಆಗಲಿಲ್ಲ. ದೊಡ್ಡದನ್ನು ಓದಿದೆ. ಕೆರೆಯ ಹೂಳು ತೆಗೆಯುವ ಕಾಮಗಾರಿ.

ಕೆರೆಯಲ್ಲಿ ಕೂತ ಮಣ್ಣನ್ನು ನಾವು ಗೋಡು ಎನ್ನುತ್ತೇವೆ. ಗೋಡು ಹೊಡೆಯೋದು, ಗೋಡು ತುಂಬೋದು, ಹೊಲಕ್ಕೆ ಗೋಡು ಹಾಕೋದು. ಹುಟ್ಟಿದಾಗಿನಿಂದ ಅದನ್ನೇ ಆಡಿ ಅದನ್ನೇ ಕೇಳಿದವಳು ನಾನು. ಹೂಳು ಎಂದರೆ ನನಗೆ ಒಂದೇ ಅರ್ಥ, ಸತ್ತವರನ್ನು ಹೂಳುವುದು.

"ಊಳಿರೋದನ್ನ ತೆಗೀತಾರಂತೆ ಕಣೇ," ಎಂದೆ.

"ಏನು, ಎಣ ಊಳಿರೋದನ್ನಾ?"

"ಅಂಗೇ ಬರೆದವ್ರೆ."

"ಇನ್ನೊಂದ್ ಕಿತ ಓದಕ್ಕ."

ಇನ್ನೊಂದು ಸಲ ಓದಿದೆ. ಅಕ್ಷರ ಅವೇ ಇದ್ದವು. ಶ್ಯಾಮಲ ಇದ್ದಿದ್ದರೆ ಇಡೀ ಬೋರ್ಡನ್ನು ಒಂದೇ ಉಸಿರಿಗೆ ಓದಿ ನಮ್ಮಿಬ್ಬರನ್ನೂ ಬೈಯುತ್ತಿದ್ದಳು.

ಯಾರನ್ನಾದರೂ ಕೇಳೋಣ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. "ಬ್ಯಾಡಕ್ಕ. ಇದು ಸರ್ಕಾರಿ ಜಾಗ. ಕೇಳಿದ್ರೆ ಮೊದ್ಲು ನಮ್ದನ್ನೇ ತೆಗೀತಾರೆ. ಜೇಸಿಬಿ ಬಾಯಾಗೆ ಎತ್ತಿ ಲಾರಿಗ್ ಸುರೀತಾರೆ."

ಮೂರನೇ ದಿನ ಬೆಳಗ್ಗೆ, ಆಡು ಹೊಡೆಯುವ ಹೊತ್ತಿಗೆ, ಅವಳ ಅಣ್ಣ ಆಂಜನಪ್ಪ ಬಂಗಾರಪೇಟೆಯಿಂದ ಗಡಾರಿ ಗುದ್ದಲಿ ತಗೊಂಡು ಬಂದ. ನಾನು ಸಂತೆಯಿಂದ ಒಂದು ಹೊಸ ಮಡಕೆ ತಂದಿದ್ದೆ, ಕತ್ತಿನ ಸುತ್ತ ಎರಡು ಗೀಟು ಇದ್ದದ್ದು. ಆಂಜನಪ್ಪ ಅಗೆದ. ಮೂಳೆಗಳನ್ನು ಅವಳೇ ಎತ್ತಿದಳು, ನಮ್ಮಿಬ್ಬರನ್ನೂ ಮುಟ್ಟಗೊಡಲಿಲ್ಲ. ಒಂದೊಂದನ್ನೂ ಸೆರಗಿನಿಂದ ಒರೆಸಿ ಮಡಕೆಗೆ ಹಾಕಿದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಮಡಕೆಯನ್ನು ತಲೆಯ ಮೇಲಿಟ್ಟುಕೊಂಡು ನರಿಗುಡ್ಡಕ್ಕೆ ನಡೆದಳು. ಹಿಂದೆ ಆಡುಗಳು. ಕಲ್ಲುಗುಡ್ಡವನ್ನು ಯಾರೂ ಅಗೆಯುವುದಿಲ್ಲ ಎಂಬುದು ಅವಳ ಲೆಕ್ಕ. ಆದರೆ ಅದು ನಮಗೂ ಅಗೆಯಲು ಬರಲಿಲ್ಲ. ಮೇಲೆಲ್ಲಾ ಬಂಡೆ, ಗಡಾರಿ ಹಾಕಿದರೆ ಕಿಡಿ ಹಾರುತ್ತಿತ್ತು. ಗುಡ್ಡದ ಮೂಡಲ ಕಡೆ, ಬುಡದಲ್ಲಿ, ಎರಡು ಗುಂಡುಕಲ್ಲುಗಳ ನಡುವೆ ಮಾತ್ರ ಮಣ್ಣಿತ್ತು.

"ಇನ್ನೂ ವಸಿ ಮ್ಯಾಲೆ ಆಗಾಕಿಲ್ವಾ ಅಣ್ಣಾ?" ಎಂದು ಅವಳು ಕೇಳಿದಳು.

"ಮ್ಯಾಲೆ ಮಡಗಬೇಕಂದ್ರೆ ಗಣಿಯೋರನ್ನ ಕರ್ಕೊಂಬಂದು ಡೈನಾಮೈಟು ಇಕ್ಬೇಕು ಕಣಮ್ಮಿ. ಇಲ್ಲಿಗ್ ನೀರು ಬರೋ ಒತ್ಗೆ ನಾವ್ಯಾರೂ ಇರಾಕಿಲ್ಲ, ಬುಡು."

ಅಲ್ಲೇ ಇಟ್ಟೆವು.

ಆಮೇಲೆ ಟ್ರ್ಯಾಕ್ಟರುಗಳು ಬಂದವು. ಒಂದೂವರೆ ತಿಂಗಳು ಕೆರೆಯ ನಡುಭಾಗದಿಂದ ಗೋಡು ತುಂಬಿಕೊಂಡು ಹೊಲಗಳಿಗೆ ಹೋದವು. ಹುಣಸೆಮರದ ಕಡೆ ಇನ್ನೂರು ಹೆಜ್ಜೆ ಹತ್ತಿರಕ್ಕೂ ಯಾರೂ ಬರಲಿಲ್ಲ. ಅದನ್ನು ಕಣ್ಣಾರೆ ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಇನ್ನೊಂದು ದಿನ ಈ ಕಡೆಗೂ ಬರುತ್ತಾರೆ ಎಂದುಕೊಂಡೆ.

ಕೊರೊನಾ ಬಂದ ಮರುವರ್ಷ ಮಳೆ ಹಿಡಿಯಿತು. ಕಾರ್ತೀಕದಲ್ಲಿ ಕೆರೆ ತುಂಬಿ ಕೋಡಿ ಹೋಯಿತು. ಕೆ.ಜಿ.ಎಫ್‌ನಿಂದ, ಬಂಗಾರಪೇಟೆಯಿಂದ ಜನ ಗಾಡಿ ಕಟ್ಟಿಕೊಂಡು ನೋಡಲು ಬಂದರು, ಫೋಟೋ ಹಿಡಿದುಕೊಂಡರು. ಏರಿಯ ಮೇಲೆ ಬೋಂಡಾ ಅಂಗಡಿಗಳಾದವು. ಎಲ್ಲರಿಗೂ ಸಂತೋಷ. ನರಿಗುಡ್ಡ ಸುತ್ತ ನೀರಾಗಿ ನಡುಗಡ್ಡೆಯಾಯಿತು. ಏರಿಯಿಂದ ನೋಡಿದರೆ ಅದರ ಪಡುವಣ ಬೆನ್ನು ಮಾತ್ರ ಕಾಣುತ್ತಿತ್ತು. ಮಡಕೆ ಇದ್ದದ್ದು ಆ ಕಡೆ.

ಅಮ್ಮಾಜಮ್ಮ ಬೆಳಗಾದರೆ ಏರಿಯ ಮೇಲೆ ನಿಂತಿರುತ್ತಿದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. "ಅಕ್ಕಾ, ಆ ಎರಡು ಗುಂಡು ನಿಂಗೇನಾದ್ರೂ ಕಾಣ್ತಾವಾ?" ಎಂದು ಕೇಳುತ್ತಿದ್ದಳು. ಇಲ್ಲಿಂದ ಕಾಣಲ್ಲ ಕಣೇ ಎನ್ನುತ್ತಿದ್ದೆ. "ಬುಡದಲ್ಲಿದ್ರೂ ವಸಿ ಎತ್ರವೇ ಅಲ್ವಾ ಅದು? ಮೊಣಕಾಲುದ್ದ ಎತ್ರ ಇತ್ತು, ಅಲ್ವಾ?" ಇರಬೇಕು ಎನ್ನುತ್ತಿದ್ದೆ.

ಅದೇ ದಿನಗಳಲ್ಲಿ ನಾನು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ನನ್ನ ಅಣ್ಣನ ಮೊಮ್ಮಗಳು ಸಹನ ಎಂಟನೇ ಕ್ಲಾಸಿನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಕೆರೆಗಳಲ್ಲಿ ಹೂಳು ತುಂಬಿ ನೀರು ನಿಲ್ಲುತ್ತಿಲ್ಲ ಎಂದು ಅದರಲ್ಲಿತ್ತು.

"ಕೆರೇಲಿ ಏನು ತುಂಬಿತ್ತು?" ಎಂದೆ.

"ಹೂಳು ಅಜ್ಜೀ. ಹೂಳು ಅಂದ್ರೆ ಗೋಡು. ಅಷ್ಟೂ ಗೊತ್ತಿಲ್ವಾ ನಿಂಗೆ?"

ಉಳಿದ ಅವರೆಕಾಯಿಯನ್ನೂ ಬಿಡಿಸಿ ಮುಗಿಸಿದೆ. ಸಾರಿಗೆ ಇಟ್ಟೆ.

ಮಾಘ ಮಾಸದಲ್ಲಿ ಚಿರಂಜೀವಿಯನ್ನು ಕೇಳಿದೆ. ಪಲಮನೇರು ಕಡೆಯವನು, ಕೆರೆಯಲ್ಲಿ ಮೀನು ಹಿಡಿಯಲು ಬಂದು ಏರಿಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದ. ಅವನ ಹತ್ತಿರ ಒಂದು ತೆಪ್ಪ ಇತ್ತು, ಬುಟ್ಟಿಯ ಹಾಗೆ ದುಂಡಗಿನದು, ಅದನ್ನು ಅವನು ಪುಟ್ಟಿ ಎನ್ನುತ್ತಿದ್ದ. ಅವನು ಅರ್ಧ ತೆಲುಗು, ಅರ್ಧ ಕನ್ನಡ. ಇಬ್ಬರು ಮುದುಕಿಯರು ಕಲ್ಲುಗುಡ್ಡಕ್ಕೆ ಹೋಗಿಬರಬೇಕು ಎಂದಾಗ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಅಕ್ಕಡ ಏಮುಂದಿ ಅವ್ವಾ? ಹಾವು, ಹಕ್ಕಿ ಹೇಲು. ಇನ್ನೇನೂ ಇಲ್ಲ."

"ನಮ್ದೊಂದು ಐತೆ," ಎಂದಳು ಅಮ್ಮಾಜಮ್ಮ.

ಬೆಳಗ್ಗೆ ಒಂಬತ್ತು ಗಂಟೆಗೆ ಹೊರಟೆವು. ಅಮ್ಮಾಜಮ್ಮನ ಮಡಿಲಲ್ಲಿ ಪುರಿ, ಹುರಿಗಡಲೆ, ಕೊಬ್ಬರಿಯ ಗಂಟು. ಮೇಲೆ ಪ್ಲಾಸ್ಟಿಕ್ ಕವರು ಸುತ್ತಿದ್ದಳು, ಅದರ ಮೇಲೆ ಇನ್ನೊಂದು. ಹತ್ತುವಾಗ ಪುಟ್ಟಿ ಗಿರ್ರನೆ ತಿರುಗಿತು.

"ಕದಲಬ್ಯಾಡ್ರಿ! ಕೂಚೋಂಡಿ, ಕೂತ್ಕೊಳ್ರಿ!" ಎಂದು ಚಿರಂಜೀವಿ ಕೂಗಿದ.

"ನಾನೆಲ್ಲಿ ಕದಲ್ದೆ? ನಿನ್ ಬುಟ್ಟೀನೇ ಕುಡ್ದೈತೆ," ಎಂದಳು ಅಮ್ಮಾಜಮ್ಮ.

ಅವನು ನಕ್ಕ. ಅವಳು ಎರಡು ಕೈಯಿಂದಲೂ ಅಂಚನ್ನು ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಳು. ಮಗಳು ಹೋದ ಮೇಲೆ ಅವಳು ಮೊಣಕಾಲಿಗಿಂತ ಆಳದ ನೀರಿಗೆ ಇಳಿದದ್ದೇ ಇಲ್ಲ. ನಾನು ಹುಟ್ಟಿನ ಏಟು ಎಣಿಸಿದೆ. ನಾನೂರ ಹದಿನಾರಕ್ಕೆ ಕಲ್ಲು ತಗುಲಿತು.

ಮೂಡಲ ಕಡೆಗೆ ನೇರವಾಗಿ ಹೋಗಲು ದಾರಿಯಿರಲಿಲ್ಲ. ಮುಳುಗಿ ಸತ್ತ ಜಾಲಿಮರಗಳು ಅಲ್ಲಿ ಒತ್ತಾಗಿ ನಿಂತಿದ್ದವು, ಮುಳ್ಳು ತಗುಲಿದರೆ ಪುಟ್ಟಿ ಹರಿಯುತ್ತದೆ ಎಂದ. ಪಡುವಣ ಕಡೆ ಇಳಿದು, ಗುಡ್ಡ ಹತ್ತಿ, ಆ ಕಡೆಗೆ ಇಳಿಯಬೇಕು. ಚಿರಂಜೀವಿ ಗಳ ಹಿಡಿದು ಮುಂದೆ ನಡೆದ, ಕಲ್ಲಿಗೆ ಬಡಿಯುತ್ತಾ. ನೀರೇರಿದಾಗ ಕೆರೆಯ ಅಂಗಳದಲ್ಲಿದ್ದ ಹಾವೆಲ್ಲಾ ಇಲ್ಲಿಗೇ ಹತ್ತಿದ್ದವಂತೆ. ಪೊರೆಗಳು ಸಂದುಸಂದಿನಲ್ಲಿ ಇದ್ದವು, ಐದರ ತನಕ ಎಣಿಸಿ ಬಿಟ್ಟೆ. ಬಂಡೆಗಳು ನೀರುಕಾಗೆಗಳ ಹಿಕ್ಕೆಯಿಂದ ಸುಣ್ಣ ಬಳಿದ ಹಾಗಿದ್ದವು. ಕೊಳೆತ ಮೀನಿನ ವಾಸನೆ. ಒಂದು ನಾಯಿಯ ಅಸ್ಥಿ, ಪೂರ್ತಿ, ಮಲಗಿದ ಹಾಗೆ. ನೀರು ಬಂದಾಗ ಇಲ್ಲಿ ಸಿಕ್ಕಿಕೊಂಡಿರಬೇಕು.

ಹಿಂದೆ ನೆರಳಿಗೆ ಕೂರುತ್ತಿದ್ದ ಬಂಡೆಯ ಸಂದಿನಲ್ಲಿ ಅವಳ ಆಡುಗಳ ಹಿಕ್ಕೆ ಒಣಗಿ ಹಾಗೇ ಬಿದ್ದಿತ್ತು. ಬಗ್ಗಿ ನಾಲ್ಕು ಕೈಗೆತ್ತಿಕೊಂಡು ಮೂಸಿದಳು.

"ನಮ್ ಓತ ಕರಿಯಂದು ಕಣಕ್ಕ. ಓದ ಮ್ಯಾಲೂ ಅಡ್ರೆಸ್ ಬುಟ್ಟೋಗೈತೆ ನೋಡು."

ನಾನು ನಕ್ಕೆ. ಅವತ್ತು ಅವಳಿಗೆ ಹೂಳಿನ ಮಾತನ್ನು ಹೇಳಿಬಿಡಬೇಕೆಂದೇ ನಾನು ಹೊರಟಿದ್ದೆ. ಮಡಕೆ ಒಣಗಿದ್ದರೆ ಹೇಳುವುದು ಸುಲಭ ಎಂದುಕೊಂಡಿದ್ದೆ.

ಗುಡ್ಡದ ನೆತ್ತಿಗೆ ಬಂದಾಗ ಅವಳು ಕೂತುಬಿಟ್ಟಳು. ಮುಂದಕ್ಕೆ ಬರಲಿಲ್ಲ.

"ನೀನೇ ನೋಡ್ಬುಟ್ಟು ಏಳಕ್ಕ. ನಿನ್ ಕಣ್ಣು ಚೆನ್ನಾಗೈತೆ."

ನಾನು ನೋಡಿದೆ. ಎರಡು ಗುಂಡುಗಳಲ್ಲಿ ದೊಡ್ಡದರ ನೆತ್ತಿ ಮಾತ್ರ ನೀರಿನ ಮೇಲಿತ್ತು, ಮಲಗಿದ ಎಮ್ಮೆಯ ಬೆನ್ನಿನಷ್ಟು. ಸಣ್ಣದು ಕಾಣಲೇ ಇಲ್ಲ. ಅದರ ಆಚೆ ಬಲೆಯ ಬಿಳಿ ಬೆಂಡುಗಳು ತೇಲುತ್ತಿದ್ದವು. ತಲೆಯೆತ್ತಿದೆ. ದೂರದ ದಡದಲ್ಲಿ ಹುಣಸೆಮರ ಕಂಡಿತು. ಅದರ ಕೆಳಗೆ ಎರಡು ಹಸು ಮಲಗಿ ಮೆಲುಕು ಹಾಕುತ್ತಿದ್ದವು. ನೀರು ಮರದಿಂದ ಎಷ್ಟೋ ಕೆಳಗಿತ್ತು. ಕೋಡಿ ಹೋದಾಗಲೂ ಅಲ್ಲಿಗೆ ಮುಟ್ಟಿರಲಿಲ್ಲ. ದಡದ ಮೇಲೆ ನೀರು ಏರಿದ ಗುರುತು ಮರಕ್ಕಿಂತ ಈಚೆಗೇ ನಿಂತಿತ್ತು.

"ಏನು ಕಾಣ್ತದೆ?" ಎಂದಳು.

ಅವಳಿಗೆ ಇನ್ನೊಂದು ಸಲ ಓದಿ ಹೇಳಲು ನನ್ನಿಂದ ಆಗಲಿಲ್ಲ. "ಬಾ, ನೀನೇ ನೋಡು," ಎಂದು ಕೈಹಿಡಿದು ಇಳಿಸಿದೆ. ನೀರಿನ ಅಂಚಿಗೆ ಬಂದ ಮೇಲೂ ಅವಳು ಕಾಲಿನಿಂದ ತಡವುತ್ತಾ, "ಇಲ್ಲೇ ಎಲ್ಲೋ ಗುಂಡು ಇರ್ಬೇಕು," ಎನ್ನುತ್ತಿದ್ದಳು.

ಚಿರಂಜೀವಿಗೆ ಏನೂ ಗೊತ್ತಿರಲಿಲ್ಲ. "ಇಲ್ಲಿ ಗುಂಡುಗಳ ಸಂದಿನಲ್ಲಿ ಮೀನು ಚೆನ್ನಾಗಿ ಸೇರ್ತವೆ ಅವ್ವಾ," ಎಂದ.

ಅಮ್ಮಾಜಮ್ಮ ಅವನ ಕಡೆ ತಿರುಗಿದಳು. "ನನ್ ಮಗಳವ್ಳೆ ಕಣಪ್ಪ, ಅಲ್ಲಿ."

ಅವನಿಗೆ ನಾನು ಹೇಳಿದೆ, ಮಡಕೆಯ ವಿಷಯವನ್ನು. ಬೋರ್ಡಿನ ವಿಷಯವನ್ನು ಹೇಳಲಿಲ್ಲ. ಗಳವನ್ನು ಗುಂಡುಗಳ ನಡುವೆ ಇಳಿಸಿದ. ಒಂದಾಳು ಮುಳುಗಿ ಮೇಲೆ ಒಂದು ಮೊಳ ಹೋಯಿತು. ಆಮೇಲೆ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ನೀರಿಗಿಳಿದ. ಮೊದಲು ಬಲೆಯ ಆ ತುದಿಯನ್ನು ಬಿಚ್ಚಿ ದೂರ ಎಳೆದ. ಆಮೇಲೆ ಮುಳುಗಿದ.

ಮೂರು ಸಲ ಮುಳುಗಿದ. ಮೊದಲನೇ ಸಲ ಎರಡು ಬೊಗಸೆ ತುಂಬ ಕರಿ ಕೆಸರು ತಂದ. "ಅಂತಾ ಬುರದ ಅವ್ವಾ, ಬರೀ ಕೆಸರು. ಮೊಳದುದ್ದ ಕೂತಿದೆ. ಒಳಗೆ ಏನಿದೆಯೋ ತಿಳಿಯಲ್ಲ." ಹೊಸ ಗೋಡು, ನುಣ್ಣಗೆ ಬೆಣ್ಣೆಯ ಹಾಗಿತ್ತು. ಅದರ ಇನ್ನೊಂದು ಹೆಸರು ನನಗೆ ಈಗ ಗೊತ್ತಿತ್ತು. ಎರಡನೇ ಸಲ ಏನೂ ಇಲ್ಲ. ಮೂರನೇ ಸಲ ಬಹಳ ಹೊತ್ತು ಮೇಲೆ ಬರಲಿಲ್ಲ. ಅಮ್ಮಾಜಮ್ಮ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು. "ಸಾಕು, ಸಾಕು ಬಾರಪ್ಪೋ! ಅವನ್ನೂ ನೀರು ಎಳ್ಕೊಂತದೆ!" ಎಂದು ಚೀರಿದಳು.

ಬಂದ. ಕೈಯಲ್ಲಿ ಅಂಗೈಯಗಲದ ಒಂದು ಮಡಕೆ ಚೂರಿತ್ತು.

ಅಮ್ಮಾಜಮ್ಮ ಅದನ್ನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಬೆರಳಾಡಿಸಿದಳು. "ಇದು ನಮ್ದಲ್ಲ," ಎಂದಳು.

ಅದು ಕತ್ತಿನ ಚೂರು. ಎರಡು ಗೀಟು ಇದ್ದವು.

"ಅಲ್ಲ ಅಲ್ವಾ ಅಕ್ಕಾ?"

"ಕೆರೇಲಿ ಎಷ್ಟೋ ಚೂರು ಇರ್ತವೆ," ಎಂದೆ.

"ಊಂ. ಯಾರದೋ," ಎಂದಳು.

ಆದರೆ ಅದನ್ನು ನೀರಿಗೆ ಬಿಸಾಡಲಿಲ್ಲ. ಸೆರಗಿನಿಂದ ಒರೆಸಿದಳು. ಒಳಗೆ, ಹೊರಗೆ, ಒಡೆದ ಅಂಚಿನಲ್ಲಿ. ನೆತ್ತಿಗೆ ಹತ್ತಿ ಬಿಸಿಲಿಗೆ ಕಾದ ಬಂಡೆಯ ಮೇಲೆ ಮಗುಚಿ ಇಟ್ಟಳು. ಕೂತಳು. ನೆರಳಿಗೆ ಬಾ ಎಂದರೆ ಬರಲಿಲ್ಲ. ಹನ್ನೆರಡು ಗಂಟೆಯಿಂದ ಮೂರು ಗಂಟೆಯವರೆಗೆ ಅದನ್ನು ತಿರುವಿ ತಿರುವಿ ಒಣಗಿಸಿದಳು, ಹಪ್ಪಳ ಒಣಗಿಸಿದ ಹಾಗೆ. ಚಿರಂಜೀವಿ ಬುತ್ತಿ ಬಿಚ್ಚಿ ನನಗೂ ಕೊಟ್ಟ. ಅವಳು ಬೇಡ ಎಂದಳು. ಪೂರ್ತಿ ಒಣಗಿದ ಮೇಲೆ, ಮಳೆಯೂ ತಾಕದ ಒಂದು ಬಂಡೆಸಂದಿಗೆ ಕೈ ಹಾಕಿ ಅದನ್ನು ಒಳಗಿಟ್ಟು, ಅದರ ಮೇಲೆ ಪುರಿ, ಹುರಿಗಡಲೆ, ಕೊಬ್ಬರಿ ಇಟ್ಟಳು. ಸಂದಿನ ಬಾಯಿಗೆ ಕಲ್ಲು ಜೋಡಿಸಿದಳು. ಏಳು ಕಲ್ಲು.

"ಯಾರದೋ ಆದ್ರೇನು, ಒಣಗಿರ್ಲಿ," ಎಂದಳು.

ಹಿಂದಕ್ಕೆ ಬರುವಾಗ ಅವಳು ಪುಟ್ಟಿಯಲ್ಲಿ ಕಣ್ಣು ಮುಚ್ಚಲಿಲ್ಲ. ನೀರನ್ನೇ ನೋಡುತ್ತಿದ್ದಳು. ನಾನು ಎರಡು ಸಲ ಬಾಯಿ ತೆರೆದೆ. ಒಂದು ಸಲ ಅವಳೇ, "ಏನಕ್ಕ?" ಎಂದಳು. ಬಿಸಿಲು ಜಾಸ್ತಿ ಎಂದೆ.

ಆಮೇಲಿನ ವರ್ಷವೂ ಮಳೆ ಚೆನ್ನಾಗಿಯೇ ಆಯಿತು. ನೀರು ಇಳಿಯಲಿಲ್ಲ. ಕೆರೆ ಒಣಗಲಿ ಎಂದು ಬೇಡಿಕೊಂಡವಳು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು, ಅದನ್ನೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆಡುಗಳನ್ನು ಅಣ್ಣನಿಗೆ ಒಪ್ಪಿಸಿದಳು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಕೂತೇ ನಿದ್ದೆ ಮಾಡುವುದನ್ನು ಅಭ್ಯಾಸ ಮಾಡಿಕೊಂಡಳು. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಡಾಕ್ಟರು ಹೇಳಿದಾಗ ಆಂಜನಪ್ಪ ಆ ಮಾತನ್ನು ಅವಳಿಗೆ ಹೇಳಗೊಡಲಿಲ್ಲ. ಕೊನೆಗೆ ಬಂಗಾರಪೇಟೆಯ ತನ್ನ ಮನೆಗೆ ಕರೆದುಕೊಂಡು ಹೋದ.

ನಾನು ವಾರಕ್ಕೊಂದು ಸಲ ಬಸ್ಸಿನಲ್ಲಿ ಹೋಗಿ ನೋಡಿಬರುತ್ತಿದ್ದೆ. ಕೊನೆಯ ಸಲ ಹೋದದ್ದು ಗುರುವಾರ, ಅವಳು ತೀರಿಕೊಂಡದ್ದು ಶನಿವಾರ. ಗುರುವಾರ ಅವಳಿಗೆ ಕಣ್ಣು ಕಾಣುತ್ತಲೇ ಇರಲಿಲ್ಲ, ಕೈ ಮುಟ್ಟಿ ನಾನೆಂದು ತಿಳಿದಳು. ಎರಡು ಚಮಚ ಗಂಜಿ ಕುಡಿದಳು. ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು. ಆಂಜನಪ್ಪ ಹೊರಗೆ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದ, ಒಳಗೆ ನಾವಿಬ್ಬರೇ.

"ಅಕ್ಕಾ," ಎಂದಳು. "ಅವತ್ತು ಗುಡ್ಡದ ನೆತ್ತಿ ಮ್ಯಾಲೆ ನಿಂತ್ಕಂಡು ನೋಡ್ದಲ್ಲಾ ನೀನು. ಮೊದ್ಲು ಮಡಗಿದ್ ಜಾಗ, ಆ ಉಣಸೆಮರದ ತಾವ, ಅಲ್ಲಿಗೂ ನೀರು ಬಂದಿತ್ತಾ?"